ಅಪರಾಧಿಗಳು ಹುಟ್ಟುತ್ತಲೇ ಹಾಗಿರುತ್ತಾರೆಯೇ? ಲೊಂಬ್ರೋಸೋ ಕಥೆ

ಹದಿಹರೆಯದ ಹುಡುಗನೊಬ್ಬ ಕಳ್ಳತನದಲ್ಲಿ ಸಿಕ್ಕಿಬಿದ್ದರೆ ನಮ್ಮ ಬಾಯಿಗೆ ಬರುವುದು ಎರಡು ಗಾದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಒಂದು, ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನದ ಮುದ್ರೆ ಒತ್ತಲು ಹೊರಟವರು ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೋ.

1835ರಲ್ಲಿ ವೆರೋನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿ ಸೇನೆ ಸೇರಿದರು. ಅಲ್ಲಿ ಸೈನಿಕರ ಮೈಕಟ್ಟು ಅಳೆದರು, ಹಚ್ಚೆಗಳನ್ನು ಗಮನಿಸಿದರು. ಮುಂದೆ ಮಾನಸಿಕ ರೋಗಿಗಳ ಚಿಕಿತ್ಸೆಗೆ ತೊಡಗಿದರು. ಕಲಾಬ್ರಿಯಾ ಪ್ರಾಂತ್ಯದ ವಿಲ್ಲೆಲ್ಲಾ ಎಂಬ ಕೈದಿಯ ತಲೆಬುರುಡೆಯ ಹಿಂಭಾಗದ ಒಳಗೆ ಅವರಿಗೆ ಒಂದು ಸಣ್ಣ ತಗ್ಗು ಕಂಡಿತು. ಕೆಳಸ್ತರದ ಪ್ರಾಣಿಗಳಲ್ಲಿ ಕಾಣುವಂಥ ಲಕ್ಷಣ ಇದು, ಆದ್ದರಿಂದ ಅಪರಾಧಿ ವಿಕಾಸದಲ್ಲಿ ಹಿಂದೆ ಸರಿದ ಮನುಷ್ಯ ಎಂದು ಅವರು ತೀರ್ಮಾನಿಸಿದರು. 1876ರಲ್ಲಿ ಬಂದ ಅವರ ಪುಸ್ತಕ ದೊಡ್ಡ ದವಡೆ, ಚಾಚಿದ ಕಿವಿ, ಇಳಿಜಾರು ಹಣೆಗಳನ್ನು ಹುಟ್ಟು ಅಪರಾಧಿಯ ಗುರುತುಗಳೆಂದಿತು. ಅಂಥವರನ್ನು ತಿದ್ದಲಾಗದು ಎಂಬ ಮಾತೂ ಜೊತೆಗೆ ಬಂತು. ಟ್ಯೂರಿನ್‌ನಲ್ಲಿ ಪ್ರಾಧ್ಯಾಪಕರಾದ ಅವರು ನ್ಯಾಯಾಲಯಗಳಲ್ಲಿ ತಜ್ಞರಾಗಿಯೂ ಸಾಕ್ಷಿ ಹೇಳಿದರು.

ತಪ್ಪಿದ್ದು ವಿಧಾನದಲ್ಲಿ. ಜೈಲಿನ ಒಳಗೆ ಹುಡುಕಿದ ಲಕ್ಷಣಗಳನ್ನು ಹೊರಗಿನವರೊಂದಿಗೆ ಅವರು ಸರಿಯಾಗಿ ಹೋಲಿಸಲಿಲ್ಲ. ನಂತರದ ಆವೃತ್ತಿಗಳಲ್ಲಿ ಬಡತನ, ಕುಡಿತ, ಬೆಳೆದ ಪರಿಸರಕ್ಕೂ ಜಾಗ ಕೊಟ್ಟರು, ಆದರೆ ಮೂಲ ಸಿದ್ಧಾಂತ ಬಿಡಲಿಲ್ಲ. 1909ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅಸ್ಥಿಪಂಜರವನ್ನು ಟ್ಯೂರಿನ್‌ನ ಅವರದೇ ಸಂಗ್ರಹಾಲಯದಲ್ಲಿ ಇಡಲಾಗಿದೆ. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳ ಅಳತೆಗಳನ್ನು ಇತರರ ಅಳತೆಗಳೊಂದಿಗೆ ಹೋಲಿಸಿದಾಗ ಅಪರಾಧಿಯ ಮುಖ ಎಂಬುದು ಸಿಗಲೇ ಇಲ್ಲ.

ಹಾಗಾದರೆ ನಿಜ ಏನು?

ವಂಶವಾಹಿಗಳ ಪಾತ್ರ ಇದೆ, ಆದರೆ ಅಪರಾಧದ ಜೀನ್ ಎಂಬುದು ಇಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿನಿಂದ ಗಮನಿಸುತ್ತ ಬಂದ ಗಂಡುಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಎಒಎ ಜೀನ್‌ನ ಒಂದು ರೂಪ ಹೆಚ್ಚಾಗಿ ಸಮಾಜವಿರೋಧಿ ವರ್ತನೆಗೆ ತಳುಕು ಹಾಕಿಕೊಂಡದ್ದು ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ. ಗೆಳೆಯರ ವಿಷಯವೂ ಸರಳವಲ್ಲ. ಮಕ್ಕಳು ತಮ್ಮಂಥವರನ್ನೇ ಗೆಳೆಯರನ್ನಾಗಿ ಆರಿಸಿಕೊಳ್ಳುತ್ತಾರೆ, ಆಮೇಲೆ ಒಬ್ಬರಿಂದೊಬ್ಬರು ಬದಲಾಗುತ್ತಾರೆ. ಗೆಳೆಯರು ನೋಡುತ್ತಿದ್ದರೆ ಹದಿಹರೆಯದವರು ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದು ಪ್ರಯೋಗಗಳಲ್ಲೂ ಕಂಡಿದೆ.

ಸಮಾಧಾನದ ಸಂಗತಿ ಎಂದರೆ, ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿ ಹೆಚ್ಚಿನವರು ದೊಡ್ಡವರಾದಂತೆ ಅದನ್ನು ಬಿಡುತ್ತಾರೆ. ಇವನು ಹುಟ್ಟು ಕಳ್ಳ ಎಂದು ಹಣೆಪಟ್ಟಿ ಕಟ್ಟಿದರೆ ಹುಡುಗನಿಗೆ ಹಳೆಯ ಗುಂಪೇ ಗತಿಯಾಗುತ್ತದೆ. ಅವನ ಮನೆಯಲ್ಲಿ ಏನು ನಡೆಯುತ್ತಿದೆ, ಸಂಜೆ ಯಾರ ಜೊತೆ ಇರುತ್ತಾನೆ ಎಂದು ಮೊದಲು ವಿಚಾರಿಸೋಣ.