ಫ್ರ್ಯಾಂಕಿ ನಕಲ್ಸ್

ಫ್ರ್ಯಾಂಕಿ ನಕಲ್ಸ್ (ಜನವರಿ 18, 1955 – ಮಾರ್ಚ್ 31, 2014) ಅಮೆರಿಕದ ಡಿಜೆ, ಸಂಗೀತ ನಿರ್ಮಾಪಕ ಹಾಗೂ ರೀಮಿಕ್ಸ್ ಕಲಾವಿದರು. ಶಿಕಾಗೊ ನಗರದಲ್ಲಿ ಹೌಸ್ ಎಂಬ ನೃತ್ಯಸಂಗೀತ ಪ್ರಕಾರವು ರೂಪುಗೊಳ್ಳುವಲ್ಲಿ ಇವರ ಪಾತ್ರ ಹಿರಿದಾದುದರಿಂದ ಇವರನ್ನು ಹೌಸ್ ಸಂಗೀತದ ಪಿತಾಮಹ ಎಂದು ಕರೆಯುವುದುಂಟು.

ಆರಂಭಿಕ ಜೀವನ

ಇವರ ಜನ್ಮನಾಮ ಫ್ರಾನ್ಸಿಸ್ ನಿಕೋಲ್ಸ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜನಿಸಿದ ಇವರು ಬಟ್ಟೆ ವಿನ್ಯಾಸವನ್ನು ಅಭ್ಯಾಸ ಮಾಡಿದರು. ಗೆಳೆಯ ಲ್ಯಾರಿ ಲೆವಾನ್ ಜೊತೆ ನಗರದ ಡಿಸ್ಕೊ ಕ್ಲಬ್‌ಗಳಲ್ಲಿ ಓಡಾಡುತ್ತ, ಕಾಂಟಿನೆಂಟಲ್ ಬಾತ್ಸ್‌ನಲ್ಲಿ ರೆಕಾರ್ಡ್ ನುಡಿಸುವುದನ್ನು ರೂಢಿಸಿಕೊಂಡರು.

ಶಿಕಾಗೊ ವರ್ಷಗಳು

1977ರಲ್ಲಿ ರಾಬರ್ಟ್ ವಿಲಿಯಮ್ಸ್ ಶಿಕಾಗೊದಲ್ಲಿ ವೇರ್‌ಹೌಸ್ ಎಂಬ ಕ್ಲಬ್ ತೆರೆದಾಗ ಮೊದಲ ಆಹ್ವಾನ ಹೋದದ್ದು ಲೆವಾನ್‌ಗೆ. ಅವರು ನ್ಯೂಯಾರ್ಕ್ ಬಿಡಲು ಒಪ್ಪದ ಕಾರಣ ಆ ಅವಕಾಶ ನಕಲ್ಸ್ ಪಾಲಾಯಿತು. ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಮುದಾಯಗಳ ಸಲಿಂಗಿ ಯುವಕರು. ಬೇರೆಡೆ ಸುಲಭವಾಗಿ ಸ್ವಾಗತ ದೊರೆಯದಿದ್ದ ಇವರಿಗೆ ಅದು ನಿರ್ಭಯವಾಗಿ ಕುಣಿಯುವ ಜಾಗವಾಗಿತ್ತು.

1979ರ ಜುಲೈ 12ರಂದು ಅದೇ ನಗರದ ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಸಾರ್ವಜನಿಕವಾಗಿ ಸ್ಫೋಟಿಸಲಾಯಿತು. ಡಿಸ್ಕೊ ವಿರೋಧಿ ಅಲೆಯಿಂದಾಗಿ ರೆಕಾರ್ಡ್ ಕಂಪನಿಗಳು ಆ ಸಂಗೀತದಿಂದ ಹಿಂದೆ ಸರಿದವು. ಹೊಸ ಹಾಡುಗಳು ವಿರಳವಾದಾಗ ನಕಲ್ಸ್ ಹಳೆಯವನ್ನೇ ಮರುರೂಪಿಸತೊಡಗಿದರು. ಟೇಪನ್ನು ಕತ್ತರಿಸಿ ಅಂಟಿಸಿ ತಾಳದ ಭಾಗಗಳನ್ನು ಹಿಗ್ಗಿಸಿದರು. ಮುಂದೆ ಹಾಡುಗಳ ಅಡಿಯಲ್ಲಿ ಡ್ರಮ್ ಮಷೀನಿನ ಬಡಿತವನ್ನೂ ಸೇರಿಸಿದರು. ಕೊರತೆಯಿಂದ ಹುಟ್ಟಿದ ಈ ಉಪಾಯವೇ ಹೊಸ ಪ್ರಕಾರಕ್ಕೆ ಬುನಾದಿಯಾಯಿತು. ಹೌಸ್ ಎಂಬ ಹೆಸರು ವೇರ್‌ಹೌಸ್‌ನಿಂದಲೇ ಬಂದಿತೆಂಬ ವಿವರಣೆ ಹೆಚ್ಚು ಪ್ರಚಲಿತವಾಗಿದೆ.

ಕ್ಲಬ್ ವಾಣಿಜ್ಯದತ್ತ ಹೊರಳಿದಾಗ ಅದನ್ನು ತೊರೆದು ಪವರ್ ಪ್ಲಾಂಟ್ ಎಂಬ ಸ್ವಂತ ಕ್ಲಬ್ ನಡೆಸಿದರು. ಈ ಅವಧಿಯಲ್ಲಿ ಗಾಯಕ ಜೇಮಿ ಪ್ರಿನ್ಸಿಪಲ್ ಅವರೊಂದಿಗೆ ರೂಪಿಸಿದ ಯುವರ್ ಲವ್ 1987ರಲ್ಲಿ ಟ್ರ್ಯಾಕ್ಸ್ ಸಂಸ್ಥೆಯಿಂದ ಬಿಡುಗಡೆಯಾಯಿತು. ರಚನೆಯೂ ಧ್ವನಿಯೂ ಪ್ರಿನ್ಸಿಪಲ್ ಅವರದಾದರೂ ರೆಕಾರ್ಡಿನ ಮೇಲೆ ಕಲಾವಿದರಾಗಿ ಕಾಣಿಸಿಕೊಂಡ ಹೆಸರು ನಕಲ್ಸ್ ಅವರದು. ಹೀಗಾಗಿ ಆ ಹಾಡಿನ ಕೀರ್ತಿಯಲ್ಲಿ ಪ್ರಿನ್ಸಿಪಲ್ ಅವರ ಪಾಲು ಹಲವು ಕೇಳುಗರಿಗೆ ತಿಳಿಯದೇ ಹೋಯಿತು.

ನಂತರದ ವೃತ್ತಿಜೀವನ

ನ್ಯೂಯಾರ್ಕಿಗೆ ಮರಳಿದ ನಕಲ್ಸ್, ಡೇವಿಡ್ ಮೊರಾಲಿಸ್ ಮತ್ತು ಜೂಡಿ ವೈನ್‌ಸ್ಟೀನ್ ಜೊತೆ ಡೆಫ್ ಮಿಕ್ಸ್ ಸಂಸ್ಥೆಯಲ್ಲಿ ದುಡಿದರು. ಸತೋಷಿ ತೋಮಿಯೆ ಮತ್ತು ರಾಬರ್ಟ್ ಓವೆನ್ಸ್ ಜೊತೆಗಿನ ಟಿಯರ್ಸ್ (1989) ಹಾಗೂ ಕೊಳಲಿನಂಥ ಮೃದುನಾದದ ದಿ ವಿಸಲ್ ಸಾಂಗ್ (1991) ಇವರ ಪ್ರಸಿದ್ಧ ಕೃತಿಗಳು. ವರ್ಷದ ರೀಮಿಕ್ಸ್ ಕಲಾವಿದರಿಗೆ ಮೀಸಲಾದ ಗ್ರ್ಯಾಮಿ ಪ್ರಶಸ್ತಿಯನ್ನು 1998ರಲ್ಲಿ ಪ್ರಥಮವಾಗಿ ಪಡೆದವರು ಇವರೇ.

2004ರಲ್ಲಿ ಶಿಕಾಗೊ ನಗರವು ವೇರ್‌ಹೌಸ್ ಇದ್ದ ಜೆಫರ್ಸನ್ ಬೀದಿಯ ಒಂದು ಭಾಗಕ್ಕೆ ಇವರ ಹೆಸರಿಟ್ಟಿತು.

ನಿಧನ

ಮಧುಮೇಹದಿಂದ ಬಳಲುತ್ತಿದ್ದ ಇವರು ಒಂದು ಪಾದವನ್ನು ಕಳೆದುಕೊಂಡ ಮೇಲೂ ಕಾರ್ಯಕ್ರಮ ನೀಡುವುದನ್ನು ನಿಲ್ಲಿಸಲಿಲ್ಲ. 2014ರಲ್ಲಿ ಶಿಕಾಗೊದಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ ನಿಧನರಾದರು. ವೇರ್‌ಹೌಸ್ ಕಟ್ಟಡವನ್ನು 2023ರಲ್ಲಿ ನಗರದ ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಯಿತು.