ಸಮುದ್ರ ಯಾರದು ಎಂದು ಕೇಳಿದ ಗ್ರೋಷಿಯಸ್

ಮಕ್ಕಳೇ, ಹೊಲಕ್ಕೆ ಬದು ಇರುತ್ತದೆ, ತೋಟಕ್ಕೆ ಬೇಲಿ ಇರುತ್ತದೆ. ಸಮುದ್ರಕ್ಕೆ ಬೇಲಿ ಹಾಕಲು ಆಗುತ್ತದೆಯೇ? ಆಗದಿದ್ದರೆ ಸಮುದ್ರ ಯಾರಿಗೆ ಸೇರಿದ್ದು? ನಾಲ್ಕು ಶತಮಾನಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಬರೆದ ಒಬ್ಬ ಯುವ ವಕೀಲನ ಕಥೆ ಇದು. ಆತನ ಹೆಸರು ಹ್ಯೂಗೊ ಗ್ರೋಷಿಯಸ್.

ಗ್ರೋಷಿಯಸ್ ಹುಟ್ಟಿದ್ದು 1583ರ ಏಪ್ರಿಲ್ 10ರಂದು, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ನಿಮ್ಮದೇ ವಯಸ್ಸಿನಲ್ಲಿ, ಅಂದರೆ 11 ವರ್ಷದವನಿದ್ದಾಗ, ಆತ ಲೈಡನ್ ವಿಶ್ವವಿದ್ಯಾನಿಲಯ ಸೇರಿದ. 16ನೆಯ ವಯಸ್ಸಿಗೆ ವಕೀಲನಾದ.

ಆಗ ಹಿಂದೂ ಮಹಾಸಾಗರದ ವ್ಯಾಪಾರವೆಲ್ಲ ತಮ್ಮದೇ ಎಂದು ಪೋರ್ಚುಗೀಸರು ಹೇಳಿಕೊಳ್ಳುತ್ತಿದ್ದರು. 1510ರಲ್ಲಿ ಗೋವೆಯನ್ನು ಹಿಡಿದಿದ್ದ ಅವರು, ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರಿಗಳೂ ತಮ್ಮಿಂದ 'ಕರ್ತಾಜ್' ಎಂಬ ರಹದಾರಿ ಪತ್ರ ಪಡೆಯಬೇಕೆಂದು ಒತ್ತಾಯಿಸುತ್ತಿದ್ದರು. ಪತ್ರವಿಲ್ಲದ ಹಡಗನ್ನು ಹಿಡಿದು ಸರಕನ್ನು ಕಸಿದುಕೊಳ್ಳುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕ ಹೋರಾಡಿದ್ದು ಇದೇ ಪೋರ್ಚುಗೀಸರೊಡನೆ.

1603ರಲ್ಲಿ ಸಿಂಗಪುರದ ಬಳಿ ಡಚ್ಚರು 'ಸಾಂತಾ ಕತರೀನಾ' ಎಂಬ ಪೋರ್ಚುಗೀಸ್ ಹಡಗನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ರೇಷ್ಮೆ, ಪಿಂಗಾಣಿ ಮುಂತಾದ ಸರಕು 30 ಲಕ್ಷ ಗಿಲ್ಡರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಇದು ದರೋಡೆಯಲ್ಲವೇ ಎಂದು ಹಾಲೆಂಡಿನಲ್ಲೇ ಕೆಲವರು ಕೇಳತೊಡಗಿದರು. ಆಗ ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಪರವಾಗಿ ಬರೆಯಲು ಗ್ರೋಷಿಯಸ್‌ನನ್ನು ಕೇಳಿಕೊಂಡಿತು.

ಆತ ಬರೆದದ್ದು ದೊಡ್ಡ ಗ್ರಂಥ. ಅದರ ಒಂದು ಅಧ್ಯಾಯ ಮಾತ್ರ 1609ರಲ್ಲಿ 'ಮಾರೆ ಲಿಬೆರುಮ್' ಎಂಬ ಹೆಸರಿನಲ್ಲಿ, ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಲ್ಯಾಟಿನ್ ಭಾಷೆಯ ಈ ಹೆಸರಿಗೆ 'ಮುಕ್ತ ಸಮುದ್ರ' ಎಂದರ್ಥ. ಆತನ ವಾದ ಸರಳ. ನೆಲವನ್ನು ಅಳೆದು, ಬೇಲಿ ಹಾಕಿ ನಮ್ಮದೆನ್ನಬಹುದು. ಸಮುದ್ರವನ್ನು ಹಾಗೆ ಹಿಡಿದಿಡಲು ಬಾರದು. ಒಂದು ಹಡಗು ಹೋದ ದಾರಿ ಮುಂದಿನ ಹಡಗಿಗೆ ಸವೆದುಹೋಗುವುದಿಲ್ಲ. ಆದ್ದರಿಂದ ಅದು ಎಲ್ಲರಿಗೂ ಸೇರಿದ್ದು. ಪೂರ್ವದ ನಾಡುಗಳಿಗೆ ಅವರದೇ ರಾಜರು, ಅವರದೇ ಕಾನೂನುಗಳು ಇವೆ. ಹಡಗಿನಲ್ಲಿ ಬಂದಿಳಿದ ಮಾತ್ರಕ್ಕೆ ಪೋರ್ಚುಗೀಸರು ಅವುಗಳ ಒಡೆಯರಾಗಲಾರರು ಎಂದೂ ಆತ ಬರೆದ.

ಆದರೆ ಮುಂದೆ ಏನಾಯಿತು ನೋಡಿ. ಡಚ್ ಕಂಪನಿಯೇ ಸಾಂಬಾರ ದ್ವೀಪಗಳ ಲವಂಗ, ಜಾಯಿಕಾಯಿ ಬೇರೆ ಯಾರಿಗೂ ಸಿಗದಂತೆ ತಡೆಯತೊಡಗಿತು. 1613ರಲ್ಲಿ ಈ ವಿಷಯದ ಮಾತುಕತೆಗೆ ಲಂಡನ್ನಿಗೆ ಹೋದ ಡಚ್ಚರಲ್ಲಿ ಗ್ರೋಷಿಯಸ್ ಕೂಡ ಇದ್ದ. ಇಂಗ್ಲಿಷರು 'ಮಾರೆ ಲಿಬೆರುಮ್' ಪುಸ್ತಕದ ವಾದವನ್ನೇ ಎತ್ತಿ ಡಚ್ಚರ ಮುಂದಿಟ್ಟರು! ಎಲ್ಲರಿಗೂ ಒಂದೇ ನಿಯಮ ಎಂದು ಬರೆದ ಮೇಲೆ ಅದು ಬರೆದವನಿಗೂ ಅನ್ವಯಿಸುತ್ತದೆ, ಅಲ್ಲವೇ?

ಮುಂದೆ ಹಾಲೆಂಡಿನ ಧರ್ಮ ಮತ್ತು ರಾಜಕೀಯದ ಜಗಳದಲ್ಲಿ ಗ್ರೋಷಿಯಸ್‌ನ ಕಡೆಯವರು ಸೋತರು. 1619ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಸೆರೆಯಾಗಿದ್ದ ಲೂವೆಸ್ಟೈನ್ ಕೋಟೆಗೆ ಓದಲು ಪೆಟ್ಟಿಗೆಯಲ್ಲಿ ಪುಸ್ತಕಗಳು ಬರುತ್ತಿದ್ದವು. 1621ರ ಮಾರ್ಚ್‌ನಲ್ಲಿ ಆತನ ಹೆಂಡತಿ ಮರಿಯಾ ಗಂಡನನ್ನೇ ಆ ಪೆಟ್ಟಿಗೆಯೊಳಗೆ ಮುದುರಿ ಮಲಗಿಸಿದಳು. ಕಾವಲುಗಾರರು ಪುಸ್ತಕವೆಂದು ತಿಳಿದು ಹೊತ್ತು ಹೊರಗೆ ಸಾಗಿಸಿದರು! ಗ್ರೋಷಿಯಸ್ ಗಾರೆ ಕೆಲಸದವನ ವೇಷ ಹಾಕಿ ಪಾರಾಗಿ ಪ್ಯಾರಿಸ್ ತಲುಪಿದ. ಅಲ್ಲಿ 1625ರಲ್ಲಿ ಯುದ್ಧ ಮತ್ತು ಶಾಂತಿಯ ನಿಯಮಗಳನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ. ಕೊನೆಗೆ ಸಮುದ್ರವೇ ಆತನಿಗೆ ಮುಳುವಾಯಿತು. 1645ರಲ್ಲಿ ಸ್ವೀಡನ್ನಿನಿಂದ ಮರಳುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಹೇಗೋ ದಡ ಸೇರಿದ ಆತ ಕಾಯಿಲೆಬಿದ್ದು ಆಗಸ್ಟ್‌ನಲ್ಲಿ ಜರ್ಮನಿಯ ರೋಸ್ಟಾಕ್‌ನಲ್ಲಿ ತೀರಿಕೊಂಡ.

ಸಮುದ್ರವನ್ನು ಎಷ್ಟು ಬಳಸಿದರೂ ಅದು ಕಡಿಮೆಯಾಗದು ಎಂಬುದು ಆತನ ವಾದದ ಅಡಿಪಾಯ. ಆದರೂ ಮೀನು ಮಾತ್ರ ಒಂದು ರೀತಿಯಲ್ಲಿ ಮುಗಿಯಬಹುದು ಎಂಬ ಅನುಮಾನ ಅದೇ ಪುಸ್ತಕದಲ್ಲಿ ಒಂದು ಕಡೆ ಬರುತ್ತದೆ. ಆ ಅನುಮಾನ ನಿಜವಾಯಿತು. ಯಂತ್ರದ ದೋಣಿಗಳು, ದೊಡ್ಡ ಬಲೆಗಳು ಬಂದ ಮೇಲೆ ಮೀನು, ತಿಮಿಂಗಿಲಗಳು ಕಡಿಮೆಯಾದವು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯನ್ನು 1986ರಿಂದ ಅಂತರರಾಷ್ಟ್ರೀಯ ಆಯೋಗವೊಂದು ನಿಲ್ಲಿಸಿತು. ಕೆಲವು ದೇಶಗಳು ಮಾತ್ರ ಇದನ್ನು ಒಪ್ಪಿಲ್ಲ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಂತೆ, ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ನೀರು ಆಯಾ ದೇಶದ್ದು. 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗೆ ಮೀನು ಮೊದಲಾದ ಸಂಪತ್ತಿನ ಹಕ್ಕು ಆ ದೇಶಕ್ಕಿದೆ. ಅದನ್ನು ಕಾಪಾಡುವ ಹೊಣೆಯೂ ಇದೆ. ಅದರಾಚೆಗಿನದು ಗ್ರೋಷಿಯಸ್ ಹೇಳಿದ ಎಲ್ಲರ ಸಮುದ್ರ. ಅಲ್ಲಿನ ಜೀವಿಗಳನ್ನು ಉಳಿಸಲು 2023ರಲ್ಲಿ ಇನ್ನೊಂದು ಒಪ್ಪಂದವಾಯಿತು.

ಮಾಡಿ ನೋಡಿ: ತರಗತಿಯ ಭೂಪಟದಲ್ಲಿ ಲಕ್ಷದ್ವೀಪವನ್ನು ಹುಡುಕಿ. ಭೂಪಟದ ಅಳತೆಗೋಲಿನಿಂದ ಅಲ್ಲಿಂದ ಪಶ್ಚಿಮಕ್ಕೆ 370 ಕಿ.ಮೀ. ಗುರುತಿಸಿ. ಅಲ್ಲಿಂದಾಚೆಗೆ ಎಲ್ಲರ ಸಮುದ್ರ ಶುರು. ಅಲ್ಲಿ ಮೀನು ಹಿಡಿಯಲು ನೀವಾದರೆ ಯಾವ ನಿಯಮ ಮಾಡುವಿರಿ? ಆ ನಿಯಮ ನಿಮ್ಮ ದೋಣಿಗೂ ಅನ್ವಯಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಬರೆಯಿರಿ.