ದೀಕ್ಷಾಸ್ನಾನದ ನಂತರವೂ ಕತ್ತಲೆ: ಪಂಡಿತಾ ರಮಾಬಾಯಿ

ಕೊಹಿನೂರಿನಿಂದ ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗಿ ರೂಮ್ ಮಾಡ್ಕೊಂಡಿರೋ ನಮ್ಮ ಮಕ್ಕಳು ಮತ್ತೆ ಮತ್ತೆ ಕೇಳೋದು ಒಂದೇ ಮಾತು. ರಕ್ಷಣೆ ಹೊಂದಿದ ಮೇಲೂ ಮನಸ್ಸು ಯಾಕೆ ಇಷ್ಟು ಕತ್ತಲಾಗ್ತದೆ, ನನ್ನ ವಿಶ್ವಾಸವೇ ಸುಳ್ಳಾ ಅಂತ. ಇವತ್ತು ಅದಕ್ಕೆ ಒಬ್ಬ ತಾಯಿಯ ಜೀವನ ಹೇಳ್ತೀನಿ.

ರಮಾಬಾಯಿ ಅಂದ ಕೂಡಲೇ ಕೇಡಗಾಂವ್‌ನ ಮುಕ್ತಿ ಮಿಷನ್ ನೆನಪಾಗ್ತದೆ. ಆದ್ರೆ ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದಳು. ಊರೂರು ತಿರುಗಿ ಪುರಾಣ ಓದುವುದೇ ಅವರ ಜೀವನ.

1870ರ ದಶಕದ ಬರದಲ್ಲಿ ಕೆಲವೇ ತಿಂಗಳೊಳಗೆ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ನಡೆದೇ ದೇಶ ಸುತ್ತಿದರು. ಪಂಜಾಬಿನ ಝೀಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ, ಗೋರಿಯಂಥ ಎರಡು ಗುಂಡಿ ತೋಡಿ, ತಲೆ ಬಿಟ್ಟು ಮೈಯೆಲ್ಲಾ ಮರಳು ಮುಚ್ಚಿಕೊಂಡು ಮಲಗಿದರು. ನೋಡ್ರಿ, ಜೀವಂತ ಇರುವಾಗಲೇ ಗೋರಿಯಲ್ಲಿ ಮಲಗಿದ ಹುಡುಗಿ ಇವಳು! 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಮದುವೆಯಾದ ಬಿಪಿನ್ ಬಿಹಾರಿ 1882ರಲ್ಲಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಹಸುಗೂಸು ಮನೋರಮಾ. ರಮಾಬಾಯಿಗೆ ಇನ್ನೂ 24 ತುಂಬಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಆಯಿತು. ನಮ್ಮ ಸಾಕ್ಷಿಗಳೆಲ್ಲ ಇಲ್ಲಿಗೇ ಮುಗೀತಾವೆ, ಅಲ್ವೇನ್ರಿ? ಆಕೆಯದು ಮುಗಿಯಲಿಲ್ಲ. ಅಮೆರಿಕಕ್ಕೆ ಹೋದಳು, ಪುಸ್ತಕ ಬರೆದಳು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಹೆಸರು ಬಂತು, ಕೆಲಸ ನಡೀತು, ಒಳಗೆ ಮಾತ್ರ ಸಮಾಧಾನ ಇಲ್ಲ. ಸುಮಾರು 8 ವರ್ಷ ಹೀಗೇ. ಆಮೇಲೆ ತಾನು ಕ್ರೈಸ್ತ ಧರ್ಮವನ್ನು ಹಿಡಿದಿದ್ದೆನೇ ಹೊರತು ಕ್ರಿಸ್ತನನ್ನಲ್ಲ ಅಂತ ಅರಿವಾಗಿ, ಇದ್ದ ಹಾಗೇ ಆತನ ಮುಂದೆ ಬಿದ್ದಳು. ಆ 8 ವರ್ಷವನ್ನು ಆಕೆ ಮುಚ್ಚಿಡಲಿಲ್ಲ, ತನ್ನ ಸಾಕ್ಷಿಯಲ್ಲೇ ಬರೆದಿಟ್ಟಳು. ಸ್ಟೇಟಸ್‌ನಲ್ಲಿ ಹಲ್ಲೆಲೂಯಾ ಹಾಕಿ ರಾತ್ರಿ ದಿಂಬು ಒದ್ದೆ ಮಾಡ್ಕೊಳ್ಳೋರು ಇದನ್ನ ಕೇಳಬೇಕು. ಸಭೆಯಲ್ಲಿ ಯಾರಿಗಾದ್ರೂ ಹೇಳ್ರಿ, ಡಾಕ್ಟರಿಗೂ ಹೇಳ್ರಿ. ಹೇಳೋದು ಅವಿಶ್ವಾಸ ಅಲ್ಲ.

1896-97ರಲ್ಲಿ ಮಧ್ಯ ಭಾರತದಲ್ಲಿ ಬರ ಬಿದ್ದಾಗ ಆಕೆ ಅಲ್ಲಿಗೇ ಹೋದಳು. ಹಸಿವು ಅಂದ್ರೇನು ಅಂತ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುಮಾರು 300 ಹೆಣ್ಣುಮಕ್ಕಳನ್ನು ಕರಕೊಂಡು ಬಂದಳು. 1905ರ ಉಜ್ಜೀವನದ ಬಗ್ಗೆ ನೀವು ಕೇಳೇ ಇದ್ದೀರಿ, ಅದನ್ನ ಇವತ್ತು ಬಿಡ್ತೀನಿ. ನಮಗೆ ಹತ್ತಿರದ್ದು ಇನ್ನೊಂದಿದೆ: 1912ರಲ್ಲಿ ಇದೇ ಕಲಬುರಗಿಯಲ್ಲಿ ಶಾಲೆ ತೆರೆದಳು, ಅದರ ಹೊಣೆ ಮಗಳು ಮನೋರಮಾಳದು.

1921ರಲ್ಲಿ ಆ ಮಗಳೂ ಕಣ್ಣುಮುಚ್ಚಿದಳು. ತಾಯಿಗೆ 63 ವರ್ಷ, ಕಿವಿ ಕೇಳದು, ಸ್ವಂತ ರಕ್ತದವರು ಅಂತ ಹತ್ತಿರ ಯಾರೂ ಉಳಿದಿಲ್ಲ. ಝೀಲಂ ದಂಡೆಯ ಕಾಲಕ್ಕಿಂತಲೂ ಒಂಟಿ. ಆಗ ಆಕೆಯ ಮೇಜಿನ ಮೇಲೆ ಹೀಬ್ರೂ, ಗ್ರೀಕ್ ಮೂಲದಿಂದ ತಾನೇ ಮಾಡಿದ ಮರಾಠಿ ಬೈಬಲ್ ಅನುವಾದದ ಕೆಲಸ ಇನ್ನೂ ಬಾಕಿ ಇತ್ತು. ಓದು ಕಡಿಮೆ ಇರೋ ಹೆಂಗಸರಿಗೂ ಅರ್ಥವಾಗಲಿ ಅಂತ ಹಿಡಿದ ಕೆಲಸ ಅದು. ಮಗಳನ್ನು ಮಣ್ಣು ಮಾಡಿ ಬಂದ ತಾಯಿ ಮತ್ತೆ ಅದರ ಮುಂದೆ ಕೂತಳು. ಮುಗಿಸಿದಳು. 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದಳು. ಪೂರ್ಣ ಬೈಬಲ್ 1924ರಲ್ಲಿ ಹೊರಬಂತು.